‘ಸಂಶೋಧನಾ ಸಮಸ್ಯೆ’ಯಲ್ಲಿರೋ ಸಮಸ್ಯೆ ಅಂದ್ರೇನು?

ಶಿರಸಿ ಕಡೆ ಎಂಎಸ್ಸಿ ಮಾಡೋ ಹುಡುಗ್ರನ್ನ ನಿಮ್ಮ ರಿಸರ್ಚ್ ಪ್ರಾಬ್ಲಮ್ ಏನು ಅಂತ ಕೇಳಿದ್ರೆ "ಅಡಿಕೆ ಕೊಳೆರೋಗ" ಅಂತಾರೆ. ಅದು ವಿಷಯ. "ಮಳೆಗಾಲದಲ್ಲಿ ಕೊಳೆ ಬಂದು ಬೆಳೆ ಹೋಗ್ತಿದೆ" ಅಂದ್ರೆ ಅದು ಬೆಳೆಗಾರರ ಕಷ್ಟ, ದೊಡ್ಡ ಕಷ್ಟವೇ, ಆದ್ರೂ ಸಂಶೋಧನಾ ಸಮಸ್ಯೆ ಇನ್ನೂ ಆಗ್ಲಿಲ್ಲ.

ಸಮಸ್ಯೆ ಅಂದ್ರೆ ತೊಂದರೆ ಅಂತ ಬಳಸಿ ಬಳಸಿ ಆ ಪದದ ಇನ್ನೊಂದು ಅರ್ಥ ನಮಗೆ ಮರ್ತೇ ಹೋಗಿದೆ. ಅವಧಾನ, ಅಂದ್ರೆ ಸಭೇಲಿ ಕೂತಲ್ಲೇ ಪದ್ಯ ಕಟ್ಟೋ ಕಲೆ, ನೋಡಿದವ್ರಿಗೆ ನೆನಪಿರುತ್ತೆ, ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಪದ್ಯದ ಒಂದು ಸಾಲು ಕೊಡ್ತಾರೆ, ಕೇಳೋಕೆ ಅಸಂಬದ್ಧ ಅನ್ಸೋ ಸಾಲು, ಅವಧಾನಿ ಛಂದಸ್ಸು ತಪ್ಪದೆ ಉಳಿದ ಸಾಲು ಕಟ್ಟಿ ಅದಕ್ಕೆ ಅರ್ಥ ಬರಿಸ್ಬೇಕು. ಆ ಕೊಟ್ಟ ಸಾಲೇ ಸಮಸ್ಯೆ. ಸಂಶೋಧನೇಲೂ ಹಾಗೇ ಅಂತ ನನ್ನ ತಿಳುವಳಿಕೆ: ಗೊತ್ತಿರೋ ಒಂದು ಸಾಲು ಇರ್ಬೇಕು, ಅದಕ್ಕೆ ಹೊಂದೋ ಸಾಲನ್ನ ಇನ್ನೂ ಯಾರೂ ಕಟ್ಟಿರಬಾರ್ದು, ಕಟ್ಟೋಕೊಂದು ನಿಯಮ ಇರ್ಬೇಕು.

ಕೊಳೆರೋಗದಲ್ಲಿ ಗೊತ್ತಿರೋದು ತುಂಬಾ ಇದೆ. ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುತ್ತೆ, ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ಬರೆದಿದ್ರು, ಮದ್ದು ಶೇ. 1ರ ಬೋರ್ಡೋ ದ್ರಾವಣ, ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ದ್ರಾವಣ ಸರಿಯಾಗಿದ್ಯಾ ನೋಡೋಕೆ ಕಬ್ಬಿಣದ ಕತ್ತಿ ಅದ್ದಿ ತೆಗೀತಾರೆ, ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು ಅಂತ ಲೆಕ್ಕ. ಇದನ್ನೇ ಮತ್ತೆ ಬರೆದ್ರೆ ಥೀಸಿಸ್ ದಪ್ಪ ಆಗುತ್ತೆ ಅಷ್ಟೇ.

ಈಗ ಎರಡು ತೋಟ ಅಂದ್ಕೊಳ್ಳಿ, ಒಂದೇ ದ್ರಾವಣ, ಒಂದೇ ದಿನ ಹೊಡೆದದ್ದು, ಆದ್ರೆ ಕಣಿವೆ ತಳದ ತೋಟದಲ್ಲಿ ಎಳೆಗಾಯಿ ಹೆಚ್ಚು ಉದುರ್ತಿದೆ, ಮೇಲಿನದ್ರಲ್ಲಿ ಕಡಿಮೆ. ತಳದ ತೋಟದಲ್ಲಿ ಅಡಿಕೆ ಗೊನೆ ಮೇಲಿನ ತಾಮ್ರ ಬೇಗ ತೊಳೆದು ಹೋಗುತ್ತಾ, ಇಲ್ಲಾ ತಾಮ್ರ ಅಷ್ಟೇ ಇದ್ರೂ ತೇವ ಆರದೆ ರೋಗ ಹತ್ತುತ್ತಾ? ಇದು ನೋಡಿ ಸಮಸ್ಯೆ! ತಾಮ್ರ ಅಳೀಬಹುದು, ತೇವ ನಿಲ್ಲೋ ಹೊತ್ತು ಅಳೀಬಹುದು, ಉತ್ತರ ಯಾವ ಕಡೆ ಬಂದ್ರೂ ತೋಟದವ್ರಿಗೆ ಕೆಲಸಕ್ಕೆ ಬರುತ್ತೆ, ಮೊದಲನೇದಾದ್ರೆ ದ್ರಾವಣಕ್ಕೆ ಅಂಟು ಸೇರಿಸೋದು ನೋಡ್ಬೇಕು, ಎರಡನೇದಾದ್ರೆ ಬಸಿಗಾಲುವೆ ಬಿಡಿಸಿ ಗಾಳಿ ಬೆಳಕು ಆಡೋ ಹಾಗೆ ಮಾಡ್ಬೇಕು.

ಸಮಸ್ಯೆ ಆರಿಸೋದು ಇಲ್ಲಿಗೆ ಮುಗೀತು, ವ್ಯಾಖ್ಯಾನ ಮಾಡೋದು ಬಾಕಿ. ರೋಗ ಅಂತ ಯಾವುದನ್ನ ಎಣಿಸ್ತೀರಿ? ಉದುರಿದ ಕಾಯಿ ಎಲ್ಲಾ ಎಣಿಸಿದ್ರೆ ಬೇರೆ ಕಾರಣಕ್ಕೆ ಬಿದ್ದಿದ್ದೂ ಸೇರ್ಕೊಳ್ಳುತ್ತೆ, ಹಾಗಾಗಿ ತೊಟ್ಟಿನ ಹತ್ರ ನೀರಲ್ಲಿ ನೆನೆದಂಥ ಕಲೆ ಇರೋದನ್ನಷ್ಟೇ ಎಣಿಸ್ತೀನಿ ಅಂತ ಮೊದಲೇ ಬರೆದಿಡ್ಬೇಕು. ಎಷ್ಟು ತೋಟ, ತಳ ಅಂದ್ರೆ ಎಲ್ಲಿವರೆಗೆ, ಅದೂ ಬರೀಬೇಕು. ಕಾರವಾರದಲ್ಲಿ ಬಂಗಡೆ ಮೇಲೆ ಕೆಲಸ ಮಾಡೋರಿಗೂ ಇವೇ ಪ್ರಶ್ನೆ, ಯಾವ ಬಲೆ, ಯಾವ ತಿಂಗಳು, ಎಷ್ಟು ಉದ್ದದ ಮೀನು.

ಕೋರ್ಸಿನ ಅವಧೀನೂ ನೋಡ್ಕೊಳ್ಳಿ. ಎಂಎಸ್ಸಿ ಎರಡು ವರ್ಷ, ಮೊದಲ ವರ್ಷ ಪಾಠದಲ್ಲೇ ಹೋಗುತ್ತೆ, ಕೊಳೆರೋಗ ಮಾತ್ರ ಮಳೆಗಾಲದಲ್ಲೇ ಸಿಗೋದು, ಅಂದ್ರೆ ನಿಮ್ಮ ಕೈಗೆ ಸಿಗೋದು ಒಂದೇ ಒಂದು ಮಳೆಗಾಲ, ಜೂನ್ ಒಳಗೆ ಪ್ರಶ್ನೆ ತಯಾರಿರ್ಬೇಕು.