ಚಿಕ್ಕ ಮಿಲ್ಲಿಂಗ್ ಮೆಷಿನ್ ಕೊಳ್ಳುವಾಗ ತೂಕ ಯಾಕೆ ನೋಡಬೇಕು?

ಮನೆಯ ವರ್ಕ್‌ಶಾಪ್‌ಗೆ ಬೆಂಚಿನ ಮೇಲೆ ಕೂರುವಂಥ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟರ್‌ನಿಂದ ಲೋಹ ಕತ್ತರಿಸುವ ಯಂತ್ರ) ಹುಡುಕುವವರು ಮೊದಲು ಕೇಳುವುದು ಮೋಟರ್ ಎಷ್ಟು ವಾಟ್ ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಮೆಷಿನ್ ಎಷ್ಟು ಕಿಲೋ ಅಂತ.

ಮಿಲ್ಲಿಂಗ್‌ನಲ್ಲಿ ಕಟರ್ ಲೋಹವನ್ನು ಒಂದೇ ಸಮನೆ ಕತ್ತರಿಸುವುದಿಲ್ಲ, ಹೊಡೆದು ಹೊಡೆದು ಕತ್ತರಿಸುತ್ತದೆ. ನಾಲ್ಕು ಹಲ್ಲಿನ ಕಟರ್ (ಎಂಡ್ ಮಿಲ್) ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಕೆಂಡಿಗೆ 60 ಹೊಡೆತ. ಪ್ರತಿ ಹೊಡೆತಕ್ಕೂ ಕಟರ್, ಅದನ್ನು ತಿರುಗಿಸುವ ಸ್ಪಿಂಡಲ್, ಹಿಂದಿನ ಕಂಬವಾದ ಕಾಲಮ್, ಕತ್ತರಿಸುವ ತುಂಡು ಕೂರುವ ಟೇಬಲ್ ಎಲ್ಲವೂ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಒಂದು ಹಲ್ಲು ಬಿಟ್ಟುಹೋದ ಅಲೆಯ ಮೇಲೆ ಮುಂದಿನ ಹಲ್ಲು ಬಂದು ಬೀಳುತ್ತದೆ, ಎರಡರ ಲಯ ಕೂಡಿಬಿಟ್ಟರೆ ನಡುಕ ತನ್ನಷ್ಟಕ್ಕೆ ತಾನೇ ಬೆಳೆಯುತ್ತಾ ಹೋಗುತ್ತದೆ. ಇದನ್ನೇ ಚಾಟರ್ ಅನ್ನುತ್ತಾರೆ. ಕಿರುಚುವ ಸದ್ದು ಬರುತ್ತದೆ, ಲೋಹದ ಮೇಲೆ ಸಾಲು ಗೆರೆ ಮೂಡುತ್ತವೆ. ಮೋಟರ್ ಎಷ್ಟೇ ದೊಡ್ಡದಿರಲಿ, ಇದನ್ನು ತಡೆಯಲು ಅದರಿಂದ ಆಗುವುದಿಲ್ಲ. ತಡೆಯುವುದು ದಪ್ಪನೆಯ ಎರಕದ ಕಬ್ಬಿಣ. ಉಕ್ಕು ಅದಕ್ಕಿಂತ ಗಟ್ಟಿ ನಿಜ, ಆದರೆ ಬೂದು ಎರಕದ ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ನಡುಕವನ್ನು ಹೀರಿಕೊಳ್ಳುತ್ತವೆ. ಅದಕ್ಕೇ 50 ಕಿಲೋ ಮೆಷಿನ್‌ಗೂ 150 ಕಿಲೋ ಮೆಷಿನ್‌ಗೂ ಕೆಲಸದಲ್ಲಿ ಅಷ್ಟೊಂದು ವ್ಯತ್ಯಾಸ.

ಕಟರ್‌ದೂ ಇದೇ ಕಥೆ. ಹೊರಗೆ ಚಾಚಿದ ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟು. ದಪ್ಪ ಎರಡು ಪಟ್ಟಾದರೆ ಬಾಗುವಿಕೆ ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಯಾವ ಮೆಷಿನ್ ಇದ್ದರೂ ಕಟರ್ ಆದಷ್ಟು ಗಿಡ್ಡ ಇರಲಿ, ಮತ್ತೆ ಅದನ್ನು ಕೊಲೆಟ್‌ನಲ್ಲೇ (ಕಟರ್ ಅನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಸೀಳಿದ ಕೊಳವೆ) ಹಿಡಿಸಿ. ಡ್ರಿಲ್ ಚಕ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ, ಕೆಲಸದ ಮಧ್ಯೆ ಕಳಚಿ ಬೀಳಬಹುದು.

ವಾಟ್ ಲೆಕ್ಕದಲ್ಲೂ ಒಂದು ಮೋಸವಿದೆ. ಮೆಷಿನ್ ಮೇಲೆ ಬರೆದ ಶಕ್ತಿ ಸಿಗುವುದು ಮೋಟರ್ ಪೂರ್ತಿ ವೇಗದಲ್ಲಿ ಓಡುವಾಗ. ಮೆದು ಉಕ್ಕನ್ನು ಹೈಸ್ಪೀಡ್ ಸ್ಟೀಲ್ ಕಟರ್‌ನಲ್ಲಿ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕತ್ತರಿಸಬೇಕು ಅಂದುಕೊಳ್ಳಿ. 10 ಮಿಲಿಮೀಟರ್ ಕಟರ್‌ಗೆ ಸುಮಾರು 950 ಸುತ್ತು ಬೇಕು, 50 ಮಿಲಿಮೀಟರ್ ಫ್ಲೈ ಕಟರ್‌ಗೆ (ಅಗಲ ಮೇಲ್ಮೈ ಸವರುವ ಕಟರ್) 190 ಸಾಕು. ಎಲೆಕ್ಟ್ರಾನಿಕ್ ನಾಬ್ ತಿರುಗಿಸಿ ವೇಗ ಇಳಿಸಿದರೆ ಶಕ್ತಿಯೂ ಜೊತೆಗೇ ಇಳಿಯುತ್ತದೆ, ಗೇರ್ ಅಥವಾ ಬೆಲ್ಟ್ ಬದಲಿಸಿ ಇಳಿಸಿದರೆ ತಿರುಚುವ ಬಲ ಹೆಚ್ಚುತ್ತದೆ. ಆದ್ದರಿಂದ ಗೇರ್ ಅಥವಾ ಬೆಲ್ಟಿನ ಕನಿಷ್ಠ ಎರಡು ಹಂತ ಇರುವುದನ್ನೇ ನೋಡಿ.

ಕಾಲಮ್ ದುಂಡಗಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ಸ್ಪಿಂಡಲ್ ಇರುವ ಹೆಡ್ ಅನ್ನು ಮೇಲೆ ಕೆಳಗೆ ಮಾಡಿದ ಕೂಡಲೇ ಅದು ಪಕ್ಕಕ್ಕೆ ತಿರುಗಿ, ಹಿಡಿದಿದ್ದ ಅಳತೆಯೆಲ್ಲ ತಪ್ಪುತ್ತದೆ. ಓರೆ ಅಂಚಿನ ಹಳಿಯ ಮೇಲೆ ಹೆಡ್ ಜಾರುವ ಡವ್‌ಟೇಲ್ ಕಾಲಮ್‌ನಲ್ಲಿ ಆ ತೊಂದರೆ ಇಲ್ಲ. ಸ್ಪಿಂಡಲ್ ಟೇಪರ್ (ಕೊಲೆಟ್ ಕೂರುವ ಓರೆ ರಂಧ್ರ) ಆರ್8 ಮಾದರಿಯದಾಗಲಿ, ಎಂಟಿ3 ಮಾದರಿಯದಾಗಲಿ ನಡೆಯುತ್ತದೆ, ಎಂಟಿ3 ಬಿಡಿಸಲು ಮಾತ್ರ ಪ್ರತಿ ಸಲ ಮೇಲಿಂದ ತಟ್ಟಬೇಕು.

ದುಡ್ಡೆಲ್ಲ ಮೆಷಿನ್‌ಗೇ ಸುರಿಯಬೇಡಿ. ವೈಸ್, ಕೊಲೆಟ್, ಕ್ಲ್ಯಾಂಪ್, ಕಟರ್ ಇಲ್ಲದೆ ಅದು ಸುಮ್ನೆ ನಿಂತಿರುತ್ತದೆ ಅಲ್ವಾ? ಕೊಳ್ಳುವ ಮೊದಲು ಸಾಧ್ಯವಾದರೆ ಡಯಲ್ ಗೇಜ್ (ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಒಂದನ್ನು ಟೇಬಲ್ ಮೇಲೆ ಕೂರಿಸಿ, ಅದರ ತುದಿ ಸ್ಪಿಂಡಲ್‌ಗೆ ತಾಗಿಸಿ, ಹೆಡ್ ಅನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ. ಎರಡು ಮೂರು ಮೆಷಿನ್‌ಗಳಲ್ಲಿ ಹೀಗೆ ಮಾಡಿದರೆ ಯಾವುದು ಜಾಸ್ತಿ ಬಾಗುತ್ತದೆ ಅಂತ ಮುಳ್ಳೇ ತೋರಿಸುತ್ತದೆ. ಕೈಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಮರಳದಿದ್ದರೆ ಯಾವುದೋ ಜೋಡಣೆ ಸಡಿಲ ಇದೆ. ಜಿಬ್ (ಜಾರುವ ಭಾಗಗಳ ನಡುವಿನ ಸಡಿಲ ತೆಗೆಯುವ ಪಟ್ಟಿ) ಬಿಗಿಮಾಡಿ ಇನ್ನೊಮ್ಮೆ ತಳ್ಳಿ, ಆಗಲೂ ಹಾಗೇ ಇದ್ದರೆ ಆ ಮೆಷಿನ್ ಬಿಟ್ಟುಬಿಡಿ.