ಹುಡುಗರು ನಿಲ್ಲಬೇಕೋ, ಬೆಳೆಯಬೇಕೋ?

ಕೊಡಗಿನ ಕಾಫಿ ತೋಟ, ರೆಸಾರ್ಟ್‌ಗಳಿಗೆ ಸಿಬ್ಬಂದಿ ವಿಷಯದಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಮಾಲೀಕರು ಮೊದಲು ಹೇಳುವುದು ಒಂದೇ: ‘ಹುಡುಗರು ನಿಲ್ಲೋದಿಲ್ಲ.’ ಅದಕ್ಕೆ ಹುತ್ತರಿಗೆ ಊಟ, ಒಂದು ಹಾಕಿ ಪಂದ್ಯ, ವರ್ಷಕ್ಕೊಮ್ಮೆ ಸರ್ವೆ. ಇವೆಲ್ಲ ಬೇಕು. ಆದರೆ ಸರ್ವೆಯಲ್ಲಿ ‘ಇಲ್ಲಿ ಖುಷಿಯಾಗಿದ್ದೇನೆ’ ಎಂದು ಟಿಕ್ ಹಾಕಿದವರು ಎಷ್ಟೋ ವರ್ಷ ಹೊಸದೇನನ್ನೂ ಕಲಿಯದೆ ಇರುವುದನ್ನು ನೋಡಿದ್ದೇನೆ.

1990ರಲ್ಲಿ ಸಂಸ್ಥೆಗಳ ಮನಶ್ಶಾಸ್ತ್ರ ಅಧ್ಯಯನ ಮಾಡುವ ವಿಲಿಯಂ ಕಾನ್ ‘ಎಂಗೇಜ್‌ಮೆಂಟ್’, ಅಂದರೆ ಕೆಲಸದಲ್ಲಿ ತೊಡಗಿಕೊಳ್ಳುವುದರ ಬಗ್ಗೆ ಬರೆದಾಗ ಹೇಳಿದ್ದು, ಮನುಷ್ಯ ತನ್ನ ಮೈ, ಬುದ್ಧಿ, ಮನಸ್ಸು ಮೂರನ್ನೂ ಕೆಲಸಕ್ಕೆ ಕೊಡುವುದರ ಬಗ್ಗೆ. ಈಗ ಅದು ಸರ್ವೆಯ ಒಂದು ಅಂಕಿಯಾಗಿ ಉಳಿದಿದೆ.

ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ನೋಡಿಕೊಳ್ಳುವ ಹುಡುಗನನ್ನೇ ತೆಗೆದುಕೊಳ್ಳಿ. ಅರೇಬಿಕಾ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ, ಬೀಜದ ಲೋಳೆ ಕರಗಲು ತೊಟ್ಟಿಯಲ್ಲಿ ಬಿಡಬೇಕು. ಚಳಿ ಜಾಸ್ತಿಯಾದರೆ ತಡವಾಗುತ್ತದೆ. ಬೀಜ ಉಜ್ಜಿದಾಗ ಕೈಗೆ ತರಿತರಿ ಅನ್ನಿಸಿದರೆ ತೊಳೆಯುವ ಹೊತ್ತು. ಹೊತ್ತು ಮೀರಿದರೆ ಕಪ್‌ನಲ್ಲಿ ಹುಳಿ ವಾಸನೆ. ಇದನ್ನೆಲ್ಲ ಅವನ ಕೈ ಬಲ್ಲದು. ಆದರೆ ಕಾಫಿ ಲಾರಿ ಹತ್ತಿದ ಮೇಲೆ ಅದರ ರುಚಿ ಹೇಗಿತ್ತು ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಒಂದು ಸಣ್ಣ ಲಾಟ್ ಅವನಿಗೇ ಬಿಡಿ. ಹೊತ್ತು ಅವನೇ ತೀರ್ಮಾನಿಸಲಿ, ಬರೆದಿಡಲಿ. ಕಪ್ಪಿಂಗ್ ದಿನ, ಅಂದರೆ ಕಾಫಿಯ ರುಚಿ ನೋಡಿ ಅಳೆಯುವ ದಿನ, ಅವನನ್ನೂ ಕೂರಿಸಿ. ಒಮ್ಮೆ ರುಚಿ ನೋಡಿದವನು ಮುಂದಿನ ಕೊಯ್ಲಿಗೆ ತಾನಾಗಿಯೇ ಪ್ರಶ್ನೆ ಹೊತ್ತು ಬರುತ್ತಾನೆ. ಲಾಟ್ ಕೆಟ್ಟರೆ ಬೈಯಬೇಡಿ, ಆ ಭಯ ಒಂದು ಸಲ ಹೊಕ್ಕರೆ ಪ್ರಯೋಗ ಅಲ್ಲಿಗೇ ನಿಂತಿತು.

ಹೋಂಸ್ಟೇ ಅಡುಗೆಯವರಿಗೂ ಇದೇ ಮಾತು.

ಒಂದು ಎಚ್ಚರಿಕೆ ಇದೆ. ‘ಆಸಕ್ತಿ ಇದೆಯಲ್ಲ’ ಅಂತ ಸಂಬಳ ಕಡಿಮೆ ಕೊಡುವುದು, ರಾತ್ರಿವರೆಗೆ ದುಡಿಸುವುದು ಅನ್ಯಾಯ. ಆಸಕ್ತಿಯಲ್ಲೂ ಎರಡು ಬಗೆ ಅನ್ನುತ್ತಾರೆ ಮನಶ್ಶಾಸ್ತ್ರಜ್ಞ ರಾಬರ್ಟ್ ವಾಲೆರಾಂಡ್. ಒಂದು ಬದುಕಿನ ಉಳಿದದ್ದರ ಜೊತೆ ಹೊಂದಿಕೊಳ್ಳುತ್ತದೆ, ಇನ್ನೊಂದು ಮನುಷ್ಯನನ್ನೇ ಆಳುತ್ತದೆ. ಮನೆ, ನಿದ್ದೆ ಮರೆತವನನ್ನು ಹೊಗಳುವ ಬದಲು ರಜೆ ಕೊಟ್ಟು ಕಳಿಸಿ.

ಕಲಿತವನು ಬಿಟ್ಟು ಹೋದರೆ? ಕೆಲವರು ಹೋಗುತ್ತಾರೆ, ನಿಜ. ಆದರೂ ನನ್ನ ಸಲಹೆ ಬದಲಾಗುವುದಿಲ್ಲ. ಕಲಿಯಲು ಏನೂ ಇಲ್ಲದ ಕಡೆಯಿಂದ ಚುರುಕಾದವರೇ ಮೊದಲು ಹೋಗುವುದು, ಅಲ್ವಾ? ಈ ವರ್ಷದ ಸರ್ವೆಗೆ ಎರಡು ಪ್ರಶ್ನೆ ಸೇರಿಸಿ: ಈ ಸಲ ಹೊಸದಾಗಿ ಏನು ಮಾಡಿ ನೋಡಿದಿರಿ? ಮುಂದೆ ಯಾರಿಂದ, ಏನು ಕಲಿಯಬೇಕು? ಉತ್ತರ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಅಂತಿದ್ದರೆ, ಸಂಬಳ ಕಡಿಯದೆ ಒಂದು ದಿನ ಕಳಿಸಿಕೊಡಿ.