ಇದು ಮೆಷಿನ್‌ನಲ್ಲಿ ಏನು ಕೆಲಸ ಮಾಡುತ್ತೆ?

ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಜರ್ಮನಿಯಿಂದ ವಿಮಾನದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹೈಡ್ರಾಲಿಕ್ ಪ್ರೆಸ್‌ಗೆ ಹಾಕುವ ಹತ್ತು ಪ್ರೆಶರ್ ಸೆನ್ಸರ್‌ಗಳು. ಇನ್‌ವಾಯ್ಸ್‌ನಲ್ಲಿ ಇದ್ದದ್ದು 'ಮೆಷಿನ್ ಸ್ಪೇರ್ಸ್' ಅಂತ ಅಷ್ಟೇ. ಆಮದುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಕೊಡುವ ನಮ್ಮ ಆಫೀಸಿನ ಹುಡುಗ, ಸಾಫ್ಟ್‌ವೇರ್‌ನಲ್ಲಿ ಅದೇ ಗ್ರಾಹಕರ ಹಳೆಯ ಜಾಬ್ (ಹಿಂದಿನ ಫೈಲು) ಕಾಪಿ ಮಾಡಿ, ಸುಂಕಪಟ್ಟಿಯಲ್ಲಿ ಬಿಡಿಭಾಗಗಳ 8466ನೇ ಶೀರ್ಷಿಕೆಯಡಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣೆ, ಹಾಕಿದ. ಹತ್ತು ನಿಮಿಷದ ಕೆಲಸ. ಅಧಿಕಾರಿಯಿಂದ ಕ್ವೆರಿ ಬಂತು: ವಸ್ತುವಿನ ಕಾರ್ಯವೇನು? ಹುಡುಗ 'ಇನ್‌ವಾಯ್ಸ್‌ನಲ್ಲಿರುವಂತೆ' ಎಂದು ಉತ್ತರ ಬರೆದ. ಮತ್ತೆ ಕ್ವೆರಿ. ಗೋದಾಮಿನ ಬಾಡಿಗೆ ಏರುತ್ತಿತ್ತು. ಕಾರ್ಖಾನೆಯ ಮಾಲೀಕರು ಫೋನ್ ಮಾಡಿ, "ಪ್ರೆಸ್ ನಿಂತು ನಾಲ್ಕು ದಿನ ಆಯ್ತು ಸರ್, ಆರ್ಡರ್ ಕೈತಪ್ಪುತ್ತೆ" ಅಂದರು.

ಇದೇ ಹತ್ತು ವರ್ಷ ಹಿಂದಾಗಿದ್ದರೆ ಫೈಲು ಹಿಡಿದುಕೊಂಡು ಹೋಗಿ, ಅಧಿಕಾರಿಯ ಮೇಜಿನ ಮುಂದೆ ನಿಂತು ಬಾಯಲ್ಲೇ ವಿವರಿಸುತ್ತಿದ್ದೆವು. ಈಗ ಆ ದಾರಿ ಇಲ್ಲ. ಅಧಿಕಾರಿಯ ಮುಖ ನೋಡದೆ ಆನ್‌ಲೈನ್‌ನಲ್ಲೇ ನಡೆಯುವ ಪರಿಶೀಲನೆ, ಅಂದರೆ ಫೇಸ್‌ಲೆಸ್ ಅಸೆಸ್‌ಮೆಂಟ್, ದೇಶದಲ್ಲಿ ಮೊದಲು ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈನಲ್ಲಿ, 2020ರ ಜೂನ್ 8ರಂದು, ಸುಂಕಪಟ್ಟಿಯ 84 ಮತ್ತು 85ನೇ ಅಧ್ಯಾಯಗಳ ಯಂತ್ರ ಮತ್ತು ವಿದ್ಯುತ್ ಉಪಕರಣಗಳಿಗೆ. ದೇವನಹಳ್ಳಿಯಲ್ಲಿ ಇಳಿದ ಸರಕಿನ ಕಾಗದವನ್ನು ಬೇರೆ ಯಾವುದೋ ಊರಿನ ಅಧಿಕಾರಿ ಪರಿಶೀಲಿಸಬಹುದು. ಅವರ ಮುಂದೆ ನಮ್ಮ ಪರವಾಗಿ ಮಾತಾಡುವುದು ನಾವು ಟೈಪ್ ಮಾಡಿದ ಒಂದು ಸಾಲಿನ ವಿವರಣೆ ಮತ್ತು ಕಸ್ಟಮ್ಸ್‌ನ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ-ಸಂಚಿತ್‌ಗೆ ಅಪ್‌ಲೋಡ್ ಮಾಡಿದ ಕಾಗದಗಳು ಮಾತ್ರ. ಓಡಾಟ ಬಲ್ಲವರ ಕೆಲಸ ಈಗ ಬರೆಯಬಲ್ಲವರ ಕೆಲಸವಾಗಿದೆ. ನಮ್ಮ ಫಾರ್ವರ್ಡಿಂಗ್ ಕಂಪನಿಗಳಲ್ಲಿ ಎಷ್ಟೋ ಜನ ಇದನ್ನು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ.

ನಾನು ಹುಡುಗನನ್ನು ಪೀಣ್ಯಕ್ಕೆ ಕರೆದುಕೊಂಡು ಹೋದೆ. ಆಪರೇಟರ್ ಪ್ರೆಸ್‌ನ ಪಕ್ಕದ ಮುಚ್ಚಳ ಬಿಚ್ಚಿ, ಎಣ್ಣೆಯ ಪೈಪಿಗೆ ತಿರುಪಿ ಕೂರಿಸಿದ್ದ ಹಳೆಯ ಸೆನ್ಸರ್ ತೋರಿಸಿದರು. ಹೆಬ್ಬೆರಳಿನ ಗಾತ್ರ, ಹಿಂದೆ ಒಂದು ವೈರು. "ಎಣ್ಣೆ ಪ್ರೆಶರ್ ಎಷ್ಟಿದೆ ಅಂತ ಅಳೆದು ಸ್ಕ್ರೀನ್‌ಗೆ ಕಳಿಸುತ್ತೆ, ಅಷ್ಟೇ ಇದರ ಕೆಲಸ" ಅಂದರು. ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು. ಒತ್ತಡ ಅಳೆಯುವ ಸಾಧನ ಅಂದಮೇಲೆ ಅದರ ಶೀರ್ಷಿಕೆ 9026. ಯಂತ್ರಕ್ಕೇ ಹಾಕುವುದಾದರೂ 90ನೇ ಅಧ್ಯಾಯದ ವಸ್ತುಗಳನ್ನು, ಯಂತ್ರಗಳಿರುವ 16ನೇ ವಿಭಾಗದ ಟಿಪ್ಪಣಿ ಹೊರಗಿಡುತ್ತದೆ. ಒತ್ತಡವನ್ನು ತಾನೇ ನಿಯಂತ್ರಿಸುವ ಸಾಧನವಾಗಿದ್ದರೆ 9032ರ ಕಡೆ ನೋಡಬೇಕಿತ್ತು. ಫೋಟೊ, ಕ್ಯಾಟಲಾಗಿನ ಪುಟ, ನಾಲ್ಕು ಸಾಲಿನ ಉತ್ತರ, ತಿದ್ದುಪಡಿಯ ಕೋರಿಕೆ ಎಲ್ಲ ಅದೇ ಸಂಜೆ ಹೋಯಿತು. ಮರುದಿನ ಸರಕು ಬಿಡುಗಡೆಯಾಯಿತು.

ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೂರು ಸಾಲಿನ ಇನ್‌ವಾಯ್ಸ್ ಟೈಪ್ ಮಾಡುತ್ತಾ ರಾತ್ರಿ ಹತ್ತರವರೆಗೆ ಕೂತ ದಿನಗಳು ನನಗೆ ನೆನಪಿವೆ. ಈಗ ಅದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ನಿನ್ನೆ ನಾವು ಮಾಡಿದ್ದು. ನಿನ್ನೆ ತಪ್ಪಿದ್ದರೆ ಇವತ್ತೂ ಅದೇ ತಪ್ಪು, ಇನ್ನೂ ಬೇಗ. 2022ರ ಜನವರಿ 1ರಿಂದ ಸರಕು ಯಾವ ವರ್ಗದ್ದೆಂದು ಹೇಳುವ ಈ ಸಂಖ್ಯೆಗಳು, ಅಂದರೆ ಎಚ್‌ಎಸ್ ಕೋಡ್‌ಗಳು, ಪರಿಷ್ಕಾರಗೊಂಡಾಗಲೂ ಹಳೆಯ ಜಾಬ್ ಕಾಪಿ ಮಾಡುವ ಅಭ್ಯಾಸಕ್ಕೇ ಹೆಚ್ಚು ಪೆಟ್ಟು ಬಿತ್ತು.

ವರ್ಷಾವರ್ಷ ಸಾಫ್ಟ್‌ವೇರ್‌ನ ಲೈಸೆನ್ಸ್ ಶುಲ್ಕ ಕಟ್ಟಲು ಹಿಂದೆಮುಂದೆ ನೋಡದ ಫಾರ್ವರ್ಡಿಂಗ್ ಕಂಪನಿಗಳ ಮಾಲೀಕರು ಒಬ್ಬ ಹುಡುಗನನ್ನು ಒಂದು ದಿನ ಕಾರ್ಖಾನೆಗೆ ಕಳಿಸಲು ಹಿಂಜರಿಯುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಬ್ರೋಕರ್ ಆಫೀಸಿನ ಸಿಬ್ಬಂದಿ ಬರೆಯುವ ಕಸ್ಟಮ್ಸ್‌ನ ಜಿ ಕಾರ್ಡ್ ಪರೀಕ್ಷೆಗೆ ಓದಲು ರಜೆ ಕೇಳಿದರೆ ಮುಖ ಸಿಂಡರಿಸುವವರೂ ಇದ್ದಾರೆ. ಮಾಹಿತಿ ಸರಿಯಿದೆಯೇ ಎಂದು ಎಚ್ಚರದಿಂದ ಪರಿಶೀಲಿಸುವುದು 2018ರ ಕಸ್ಟಮ್ಸ್ ಬ್ರೋಕರ್ ನಿಯಮಗಳ ಪ್ರಕಾರ ನಮ್ಮಂಥ ಬ್ರೋಕರ್‌ನ ಹೊಣೆ, ಸಾಫ್ಟ್‌ವೇರ್ ಕಂಪನಿಯದ್ದಲ್ಲ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000 ದಂಡ. ಅದು ಬೀಳುವುದು ಆಮದುದಾರರ ಮೇಲೆ.

ಒಬ್ಬರು ದಿನಕ್ಕೆ ಎಷ್ಟು ಫೈಲು ಮುಗಿಸಿದರು ಎಂದು ಎಣಿಸುವುದನ್ನು ನಮ್ಮಲ್ಲಿ ಬಿಟ್ಟಿದ್ದೇವೆ. ನೂರು ಫೈಲಿಗೆ ಎಷ್ಟು ಕ್ವೆರಿ ಬಂತು ಎಂದು ಬರೆದಿಡುತ್ತೇವೆ. ಶನಿವಾರ ಅರ್ಧ ಗಂಟೆ, ಗ್ರಾಹಕರಿಂದ ತಂದ ಒಂದು ಬಿಡಿಭಾಗವನ್ನು ಮೇಜಿನ ಮೇಲಿಟ್ಟು ಎಲ್ಲರೂ ಕೈಯಲ್ಲಿ ಹಿಡಿದು ನೋಡುತ್ತೇವೆ. ಗ್ರಾಹಕರಿಗೆ ಒಪ್ಪಿಗೆಗೆ ಕಳಿಸುವ ಚೆಕ್‌ಲಿಸ್ಟ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದ್ದೇವೆ: ಇದು ಮೆಷಿನ್‌ನಲ್ಲಿ ಏನು ಕೆಲಸ ಮಾಡುತ್ತೆ? ಆಮದು ಮಾಡಿಕೊಳ್ಳುವ ಸಣ್ಣ ಕಾರ್ಖಾನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಇನ್‌ವಾಯ್ಸ್ ಜೊತೆಗೆ ಕ್ಯಾಟಲಾಗಿನ ಆ ಒಂದು ಪುಟವನ್ನೂ ಕಳಿಸಿ, ವಿಮಾನ ಹೊರಡುವ ಮೊದಲೇ.